ಆಘಾತದ ನಂತರದ ಆಸರೆ: ಮಾಜಿ ಸೈನಿಕರು ಮತ್ತು ತುರ್ತು ಸೇವೆಯವರು

ಯುದ್ಧದಿಂದ ಮರಳಿದ ಸೈನಿಕ, ಬೆಂಕಿಗೆ ನುಗ್ಗುವ ಅಗ್ನಿಶಾಮಕ ದಳದವರು, ಅಪಘಾತದ ಜಾಗಕ್ಕೆ ಎಲ್ಲರಿಗಿಂತ ಮೊದಲು ತಲುಪುವ ಆಂಬುಲೆನ್ಸಿನವರು, ಕುಸಿದ ಕಟ್ಟಡದ ಅಡಿಯಿಂದ ಶವ ಹೊರತೆಗೆಯುವ ರಕ್ಷಣಾ ಸಿಬ್ಬಂದಿ, ಪೊಲೀಸರು: ಬೇರೆಯವರು ಓಡಿಹೋಗುವ ದಿಕ್ಕಿಗೆ ಓಡುವುದೇ ಇವರ ಕಸುಬು. ಹೀಗೆ ಕಂಡದ್ದು ಕೆಲವರಲ್ಲಿ ಕಣ್ಣಿಂದ ಮರೆಯಾಗುವುದಿಲ್ಲ. ಮರುಕಳಿಸುವ ದುಃಸ್ವಪ್ನ, ಸದಾ ಮೈಯೆಲ್ಲ ಕಿವಿಯಾಗಿರುವ ಎಚ್ಚರ, ನೆನಪು ತರುವ ಜಾಗ ಮತ್ತು ಜನರಿಂದ ತಪ್ಪಿಸಿಕೊಳ್ಳುವುದು, ಹೆಂಡತಿ ಮಕ್ಕಳ ನಡುವೆಯೂ ಮರಗಟ್ಟಿದ ಮನಸ್ಸು, ಇಂಥ ಲಕ್ಷಣಗಳು ತಿಂಗಳುಗಟ್ಟಲೆ ಬಿಡದಿದ್ದಾಗ ವೈದ್ಯಶಾಸ್ತ್ರ ಅದನ್ನು ಆಘಾತೋತ್ತರ ಒತ್ತಡದ ಕಾಯಿಲೆ ಅಥವಾ ಪಿಟಿಎಸ್‌ಡಿ ಎನ್ನುತ್ತದೆ. ಸಮುದಾಯದ ಆಸರೆ ಎಂದರೆ ಇಂಥವರಿಗೆ ವೈದ್ಯರ ಕೋಣೆಯ ಹೊರಗೆ ಸಿಗುವ ನೆರವು. ಅದೇ ಕೆಲಸ ಮಾಡಿ ಬಂದ ಓರಗೆಯವರ ಗುಂಪು, ಮನೆಯವರು, ಸಂಘಸಂಸ್ಥೆಗಳು, ಸರ್ಕಾರವೇ ಊರಿನ ನಡುವೆ ತೆರೆದ ಕೇಂದ್ರಗಳು ಎಲ್ಲವೂ ಇದರಲ್ಲಿ ಸೇರುತ್ತವೆ. ಈ ನೆರವಿಗೆ ನೂರು ವರ್ಷಗಳ ಇತಿಹಾಸವಿದೆ, ನಲವತ್ತು ವರ್ಷಗಳಷ್ಟು ಅಳತೆಯ ಸಾಕ್ಷ್ಯವಿದೆ. ಎರಡನ್ನೂ ಜೊತೆಗಿಟ್ಟು ನೋಡಿದರೆ, ನಡೆದದ್ದನ್ನು ಬಾಯಿಬಿಡಿಸುವ ಪ್ರಯತ್ನಗಳಿಗಿಂತ ದೀರ್ಘಕಾಲ, ಹೆಚ್ಚು ಗದ್ದಲವಿಲ್ಲದೆ ಜೊತೆಗಿದ್ದ ವ್ಯವಸ್ಥೆಗಳೇ ಬಾಳಿಕೆ ಬಂದಿವೆ ಎಂಬುದು ಈ ಲೇಖನದ ವಾದ.

ಮೊದಲ ಮಹಾಯುದ್ಧದಲ್ಲಿ ಈ ಪ್ರಶ್ನೆ ಸಾವಿರಾರು ಜನರ ರೂಪದಲ್ಲಿ ಎದುರು ಬಂದು ನಿಂತಿತು. ಬ್ರಿಟಿಷ್ ಸೇನೆಯ ಜೊತೆಗಿದ್ದ ಮನೋವಿಜ್ಞಾನಿ ಚಾರ್ಲ್ಸ್ ಮೈಯರ್ಸ್ 1915ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ‘ಶೆಲ್ ಶಾಕ್’ ಎಂಬ ಹೆಸರು ಬಳಸಿ ಬರೆದರು. ಶೆಲ್ಲಿನ ಸ್ಫೋಟ ನರಮಂಡಲವನ್ನು ಅಲುಗಾಡಿಸುತ್ತದೆ ಎಂಬ ಊಹೆ ಆ ಹೆಸರಿನೊಳಗಿತ್ತು. ಸ್ಫೋಟದ ಹತ್ತಿರ ಸುಳಿಯದವರಲ್ಲೂ ಅದೇ ನಡುಕ, ಅದೇ ಮೂಕತನ ಕಂಡಾಗ ಊಹೆ ಬಿದ್ದುಹೋಯಿತು, ಹೆಸರು ಮಾತ್ರ ಉಳಿಯಿತು. ಆ ಯುದ್ಧದಲ್ಲಿ ಸೇನಾ ವೈದ್ಯರು ಕಲಿತ ಪಾಠ ಇಂದಿಗೂ ಚಾಲ್ತಿಯಲ್ಲಿದೆ: ಕುಸಿದವನನ್ನು ದೂರದ ಆಸ್ಪತ್ರೆಗೆ ಸಾಗಹಾಕಬೇಡಿ, ರಣರಂಗದ ಹತ್ತಿರವೇ, ತಡಮಾಡದೆ, ಮತ್ತೆ ತನ್ನ ಪಡೆಗೆ ಮರಳುತ್ತಾನೆಂಬ ನಂಬಿಕೆಯೊಂದಿಗೆ ಆರೈಕೆ ಮಾಡಿ. ಇದರ ಗುರಿ ಸೈನಿಕನನ್ನು ಮತ್ತೆ ಕಂದಕಕ್ಕೆ ಕಳಿಸುವುದು, ಕರುಣೆಯ ಮಾತು ಆಮೇಲಿನದು. ಆದರೂ ಅವನನ್ನು ಅವನ ಜೊತೆಗಾರರಿಂದ ಕಿತ್ತು ಬೇರೆ ಮಾಡಿದರೆ ಕಾಯಿಲೆ ಬಲಿಯುತ್ತದೆ ಎಂಬ ತಿಳಿವಳಿಕೆ ಅದರೊಳಗಿತ್ತು. ಯುದ್ಧ ಮುಗಿದು ಪಡೆಗಳೇ ಚದುರಿದ ಮೇಲೆ ಆ ಜೊತೆಯನ್ನು ಎಲ್ಲಿಂದ ತರುವುದು? ಬ್ರಿಟನ್ನಿನಲ್ಲಿ 1919ರಲ್ಲಿ ಹುಟ್ಟಿದ, ಇಂದು ‘ಕಾಂಬ್ಯಾಟ್ ಸ್ಟ್ರೆಸ್’ ಎಂಬ ಹೆಸರಿನಲ್ಲಿ ನಡೆಯುತ್ತಿರುವ ಸಂಸ್ಥೆ ವಿಶ್ರಾಂತಿಧಾಮಗಳನ್ನು ತೆರೆದುದಲ್ಲದೆ, ಲೆದರ್‌ಹೆಡ್ ಎಂಬಲ್ಲಿ ವಿದ್ಯುತ್ ಕಂಬಳಿ ತಯಾರಿಸುವ ಕಾರ್ಖಾನೆಯನ್ನೂ ನಡೆಸಿತು. ಮನಸ್ಸಿನ ಗಾಯಕ್ಕೂ ಕಂಬಳಿಗೂ ಏನು ಸಂಬಂಧ ಎಂದು ನಗುವವರು ನಗಬಹುದು. ಬೆಳಿಗ್ಗೆ ಎದ್ದು ಹೋಗಲು ಒಂದು ಜಾಗ, ಪಕ್ಕದ ಬೆಂಚಿನಲ್ಲಿ ತನ್ನಂಥವನೇ ಒಬ್ಬ, ವಾರದ ಕೊನೆಗೆ ಕೂಲಿ ಸಿಗುವ ಏರ್ಪಾಡದು. ಅಲ್ಲಿ ಯಾರೂ ಯಾರ ಕಥೆಯನ್ನೂ ಕೇಳಬೇಕಾಗಿರಲಿಲ್ಲ.

ಇಂದಿನ ರೂಪದ ಆಸರೆಯ ಬೇರು ವಿಯೆಟ್ನಾಂ ಯುದ್ಧದಲ್ಲಿದೆ. ಆ ಯುದ್ಧಕ್ಕೆ ಅಮೆರಿಕ ತನ್ನ ಸೈನಿಕರನ್ನು ತಲಾ ಒಂದು ವರ್ಷದ ಅವಧಿಗೆ, ಒಬ್ಬೊಬ್ಬರನ್ನಾಗಿ ಕಳಿಸಿ ಒಬ್ಬೊಬ್ಬರನ್ನಾಗಿ ವಾಪಸು ಕರೆಸಿಕೊಳ್ಳುತ್ತಿತ್ತು. ಎರಡನೇ ಮಹಾಯುದ್ಧದವರು ತಮ್ಮ ಪಡೆಯೊಂದಿಗೆ ವಾರಗಟ್ಟಲೆ ಹಡಗಿನಲ್ಲಿ ಮರಳುವಾಗ ಮಾತಾಡಿಕೊಳ್ಳಲು, ಅಳಲು, ಜಗಳವಾಡಲು ಪುರುಸೊತ್ತಿತ್ತು. ವಿಯೆಟ್ನಾಮಿನಿಂದ ಬಂದವನು ಮೊನ್ನೆ ಕಾಡಿನಲ್ಲಿದ್ದು ಇಂದು ವಿಮಾನದಿಂದಿಳಿದು ತಾಯಿಯ ಅಡುಗೆಮನೆಯಲ್ಲಿ ನಿಂತಿರುತ್ತಿದ್ದ. ಊರಿನವರಿಗೆ ಆ ಯುದ್ಧವೇ ಬೇಡವಾಗಿತ್ತು. ಆಸ್ಪತ್ರೆಗಳಿಗೆ ಹೋದರೆ ಅವನ ನರಳಾಟಕ್ಕೆ ಹೊಂದುವ ಹೆಸರು ವೈದ್ಯರ ಕೈಪಿಡಿಯಲ್ಲೂ ಇರಲಿಲ್ಲ. 1952ರ ಆವೃತ್ತಿಯಲ್ಲಿದ್ದ ತೀವ್ರ ಒತ್ತಡದ ಪ್ರತಿಕ್ರಿಯೆ ಎಂಬ ನಮೂದನ್ನು 1968ರಲ್ಲಿ ಕೈಬಿಡಲಾಗಿತ್ತು. ಬಾಸ್ಟನ್ನಿನ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಸಮಾಜ ಕಾರ್ಯಕರ್ತೆಯಾಗಿದ್ದ ಸಾರಾ ಹೇಲಿ ಅವರ ಬಳಿ ಒಬ್ಬ ಸೈನಿಕ ಹಳ್ಳಿಯೊಂದರ ಹತ್ಯಾಕಾಂಡದ ವಿಷಯ ಹೇಳಿದಾಗ, ಅವರ ಸಹೋದ್ಯೋಗಿಗಳು ಅದನ್ನು ಸ್ಕಿಜೋಫ್ರೇನಿಯಾದ ಭ್ರಮೆ ಎಂದು ಬರೆದುಕೊಳ್ಳಲು ಹೊರಟಿದ್ದರು. ಹೇಳುವವನಿದ್ದರೂ ಕೇಳುವ ಕಿವಿ ಇರಲಿಲ್ಲ. ಈ ಕೊರತೆಯಿಂದಲೇ 1970ರ ಕೊನೆಯಲ್ಲಿ ನ್ಯೂಯಾರ್ಕಿನಲ್ಲಿ ಯುದ್ಧವಿರೋಧಿ ಮಾಜಿ ಸೈನಿಕರ ಸಂಘಟನೆಯ ಕಚೇರಿಯಲ್ಲಿ ‘ರ‍್ಯಾಪ್ ಗುಂಪು’ಗಳು ಹುಟ್ಟಿದವು. ರ‍್ಯಾಪ್ ಎಂದರೆ ಹರಟೆ. ಮನೋವೈದ್ಯರಾದ ರಾಬರ್ಟ್ ಜೇ ಲಿಫ್ಟನ್ ಮತ್ತು ಚೈಮ್ ಶಾಟಾನ್ ಅಲ್ಲಿಗೆ ಹೋಗಿ ಕೂತರು. ಜಾಗ ಸೈನಿಕರದು, ನಿಯಮವೂ ಅವರದೇ, ವೈದ್ಯರಿಗೆ ಫೀಸಿಲ್ಲ, ಕೇಸು ಬರೆದುಕೊಳ್ಳುವಂತಿಲ್ಲ. ವೈದ್ಯರು ಅತಿಥಿಗಳಾಗಿ ಹೋದದ್ದೇ ಈ ಗುಂಪುಗಳ ಹೊಸತನ ಎನ್ನಬೇಕು.

ಮುಂದಿನ ಹತ್ತು ವರ್ಷಗಳಲ್ಲಿ ಈ ಹರಟೆಕಟ್ಟೆಯಿಂದ ಎರಡು ಫಲ ಬಂದವು. 1980ರಲ್ಲಿ ಅಮೆರಿಕದ ಮನೋವೈದ್ಯಕೀಯ ಕೈಪಿಡಿಯ ಮೂರನೇ ಆವೃತ್ತಿಗೆ ಪಿಟಿಎಸ್‌ಡಿ ಸೇರಿತು. ಶಾಟಾನ್, ಲಿಫ್ಟನ್, ಹೇಲಿ ಮೂವರೂ ಅದಕ್ಕಾಗಿ ದುಡಿದವರು. ಅದಕ್ಕೂ ಒಂದು ವರ್ಷ ಮೊದಲು, 1979ರಲ್ಲಿ, ಸಂಸತ್ತು ‘ವೆಟ್ ಸೆಂಟರ್’ಗಳಿಗೆ ಒಪ್ಪಿಗೆ ಕೊಟ್ಟಿತು. ಆಗ ಮಾಜಿ ಸೈನಿಕರ ಇಲಾಖೆಯ ಮುಖ್ಯಸ್ಥರಾಗಿದ್ದ ಮ್ಯಾಕ್ಸ್ ಕ್ಲೀಲ್ಯಾಂಡ್ ವಿಯೆಟ್ನಾಮಿನಲ್ಲಿ ಎರಡು ಕಾಲು, ಒಂದು ಕೈ ಕಳೆದುಕೊಂಡು ಬಂದವರು. ಈ ಕೇಂದ್ರಗಳನ್ನು ಬೇಕೆಂದೇ ಆಸ್ಪತ್ರೆಯ ಆವರಣದಿಂದ ದೂರ, ಪೇಟೆಯ ಅಂಗಡಿ ಸಾಲುಗಳಲ್ಲಿ ತೆರೆಯಲಾಯಿತು. ಸಿಬ್ಬಂದಿಯಲ್ಲಿ ದೊಡ್ಡ ಪಾಲು ಸ್ವತಃ ಯುದ್ಧ ಕಂಡವರು. ಇಲ್ಲಿನ ದಾಖಲೆಗಳನ್ನು ಬಂದವನ ಒಪ್ಪಿಗೆಯಿಲ್ಲದೆ ಸೇನೆಗಾಗಲಿ ಆಸ್ಪತ್ರೆಗಾಗಲಿ ಕೊಡುವುದಿಲ್ಲ. ಹೆಂಡತಿ ಮಕ್ಕಳೂ ಬರಬಹುದು, ಕೆಲಸ ಹುಡುಕಲು ನೆರವು ಸಿಗುತ್ತದೆ, ಕಾಫಿ ಕುಡಿದು ಸುಮ್ಮನೆ ಹೋದರೂ ಯಾರೂ ಕೇಳುವುದಿಲ್ಲ. ವಿಯೆಟ್ನಾಂ ಪೀಳಿಗೆಗೆಂದು ತಾತ್ಕಾಲಿಕವಾಗಿ ಹುಟ್ಟಿದ ಈ ವ್ಯವಸ್ಥೆ ಇಂದು ಸುಮಾರು 300 ಕೇಂದ್ರಗಳಾಗಿ ಬೆಳೆದಿದೆ, ನಂತರದ ಯುದ್ಧಗಳವರೂ ಸೇನೆಯೊಳಗೆ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರೂ ಅದರ ವ್ಯಾಪ್ತಿಗೆ ಬಂದಿದ್ದಾರೆ. ಆಸ್ಟ್ರೇಲಿಯಾ 1982ರಲ್ಲಿ ತನ್ನ ವಿಯೆಟ್ನಾಂ ಸೈನಿಕರಿಗೆ ಇಂಥದೇ ಸಲಹಾ ಸೇವೆ ಆರಂಭಿಸಿತು. ಕೆನಡಾ 2001ರಲ್ಲಿ ಓರಗೆಯವರನ್ನೇ ಸಂಬಳಕ್ಕೆ ನೇಮಿಸಿಕೊಂಡು ಬೆಂಬಲ ಜಾಲ ಕಟ್ಟಿತು.

ಇವೆಲ್ಲ ಒಳ್ಳೆಯ ಉದ್ದೇಶದ ಕೆಲಸಗಳು ನಿಜ, ಆದರೆ ಇವುಗಳ ಹಿಂದಿನ ನಂಬಿಕೆಗೆ ಆಧಾರವಿದೆಯೇ? 2000ದಲ್ಲಿ ಕ್ರಿಸ್ ಬ್ರೂಯಿನ್ ಮತ್ತು ಸಂಗಡಿಗರು 77 ಅಧ್ಯಯನಗಳನ್ನು ಒಟ್ಟುಗೂಡಿಸಿ, ಆಘಾತ ಕಂಡವರಲ್ಲಿ ಯಾರಿಗೆ ಪಿಟಿಎಸ್‌ಡಿ ಬರುತ್ತದೆ ಎಂದು ಲೆಕ್ಕ ಹಾಕಿದರು. ವಯಸ್ಸು, ಓದು, ಬಾಲ್ಯದ ಕಷ್ಟ, ಮನೆತನದ ಮಾನಸಿಕ ಕಾಯಿಲೆ ಇವೆಲ್ಲವುಗಳ ಪ್ರಭಾವ ಸಣ್ಣದಾಗಿತ್ತು. ಆಘಾತದ ತೀವ್ರತೆ, ಆಮೇಲೆ ಬದುಕಿನಲ್ಲಿ ಎದುರಾದ ಒತ್ತಡಗಳು, ಆಸರೆಯಿಲ್ಲದಿರುವುದು, ಈ ಮೂರರ ಪ್ರಭಾವ ದೊಡ್ಡದು. ಅದರಲ್ಲೂ ಆಸರೆಯ ಕೊರತೆಯದೇ ಎಲ್ಲಕ್ಕಿಂತ ಹೆಚ್ಚು. ಗುಂಡು ಹಾರುವ ಮೊದಲು ಮನುಷ್ಯ ಹೇಗಿದ್ದ ಎಂಬುದಕ್ಕಿಂತ ಹಾರಿದ ಮೇಲೆ ಅವನ ಸುತ್ತ ಏನಿತ್ತು ಎಂಬುದೇ ಹೆಚ್ಚು ಹೇಳುತ್ತದೆ ಎಂದಾಯಿತು. ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. ಆಸರೆಯಿಲ್ಲದ್ದರಿಂದ ಕಾಯಿಲೆ ಬಂತೋ, ಕಾಯಿಲೆಯಿಂದ ಆಸರೆ ಹೋಯಿತೋ? ಕೊಲ್ಲಿ ಯುದ್ಧದ ಸೈನಿಕರನ್ನು ಹಲವು ವರ್ಷ ಹಿಂಬಾಲಿಸಿದ ಒಂದು ಅಧ್ಯಯನ, 2006ರಲ್ಲಿ, ಎರಡನೆಯದನ್ನೇ ಎತ್ತಿಹಿಡಿಯಿತು: ಸಿಡುಕು, ಅನುಮಾನ, ಮೌನಗಳಿಂದ ಕಾಯಿಲೆಯೇ ನೆಂಟರಿಷ್ಟರನ್ನು ದೂರ ತಳ್ಳುತ್ತದೆ. ಈ ಆಕ್ಷೇಪವನ್ನು ಒಪ್ಪಿಕೊಂಡರೂ ವಾದ ಬೀಳುವುದಿಲ್ಲ, ದಿಕ್ಕು ಬದಲಿಸುತ್ತದೆ. ಕಾಯಿಲೆ ಸಹಜವಾದ ಬಳಗವನ್ನು ಸವೆಸುವುದಾದರೆ, ಆ ಬಳಗವನ್ನಷ್ಟೇ ನಂಬಿ ಕೂರುವುದು ಸಾಲದು. ಮುನಿಸಿಕೊಂಡು ಬಾಗಿಲು ಹಾಕಿಕೊಂಡರೂ ಮುಂದಿನ ವಾರ ಮತ್ತೆ ಬಂದು ತಟ್ಟುವ, ಒಬ್ಬನ ತಾಳ್ಮೆಯ ಮೇಲೆ ನಿಂತಿರದ ಸ್ಥಿರ ವ್ಯವಸ್ಥೆ ಬೇಕಾಗುತ್ತದೆ.

ಬೇಗನೆ ಮುಗಿಯುವ ನೆರವಿನ ಕಥೆ ಇದಕ್ಕೆ ವಿರುದ್ಧವಾದ ಉದಾಹರಣೆ, ವಿವರವಾಗಿ ನೋಡಬೇಕಾದದ್ದು. ಅಮೆರಿಕದಲ್ಲಿ ಅಗ್ನಿಶಾಮಕ ಮತ್ತು ಆಂಬುಲೆನ್ಸ್ ಕೆಲಸದ ಹಿನ್ನೆಲೆಯಿಂದ ಬಂದ ಜೆಫ್ರಿ ಮಿಚೆಲ್ 1983ರಲ್ಲಿ ‘ಡಿಬ್ರೀಫಿಂಗ್’ ಎಂಬ ವಿಧಾನವನ್ನು ಮುಂದಿಟ್ಟರು. ಘಟನೆ ನಡೆದ ಕೆಲವೇ ದಿನಗಳಲ್ಲಿ ಸಿಬ್ಬಂದಿಯನ್ನು ಒಟ್ಟಿಗೆ ಕೂರಿಸಿ, ಏನು ಕಂಡಿರಿ, ಏನನ್ನಿಸಿತು, ಯಾವುದು ಅತ್ಯಂತ ಕೆಟ್ಟದ್ದಾಗಿತ್ತು ಎಂದು ಹಂತಹಂತವಾಗಿ ಮಾತಾಡಿಸಿ, ಮುಂದೆ ಬರಬಹುದಾದ ಲಕ್ಷಣಗಳನ್ನು ತಿಳಿಸಿ ಕಳಿಸುವುದು. ಒಂದೇ ಮಧ್ಯಾಹ್ನದಲ್ಲಿ ಮುಗಿಯುವ ಈ ವಿಧಾನ ಇಲಾಖೆಗಳಿಗೆ ಬಹಳ ಹಿಡಿಸಿತು. ಖರ್ಚು ಕಡಿಮೆ, ರಿಜಿಸ್ಟರಿನಲ್ಲಿ ಸಹಿ ಬೀಳುತ್ತದೆ, ಕರ್ತವ್ಯ ಮುಗಿಯಿತು. ಬರುಬರುತ್ತಾ ಸೈನಿಕರಿಗೆ, ಬ್ಯಾಂಕ್ ದರೋಡೆ ಕಂಡ ನೌಕರರಿಗೆ, ಆಸ್ಪತ್ರೆಯಲ್ಲಿ ಮಲಗಿದ ಗಾಯಾಳುಗಳಿಗೆ, ಸಿಕ್ಕ ಸಿಕ್ಕವರಿಗೆಲ್ಲ ಇದನ್ನು ಮಾಡತೊಡಗಿದರು. 1997ರಲ್ಲಿ ಜೊನಾಥನ್ ಬಿಸನ್ ಮತ್ತು ಸಂಗಡಿಗರು ವೇಲ್ಸ್‌ನಲ್ಲಿ ಸುಟ್ಟಗಾಯದ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮಾತ್ರ ಡಿಬ್ರೀಫಿಂಗ್ ಕೊಟ್ಟು ನೋಡಿದರು. ಹದಿಮೂರು ತಿಂಗಳ ಬಳಿಕ ಡಿಬ್ರೀಫಿಂಗ್ ಪಡೆದವರಲ್ಲಿ ಶೇ. 26 ಮಂದಿಗೆ ಪಿಟಿಎಸ್‌ಡಿ ಇತ್ತು, ಪಡೆಯದವರಲ್ಲಿ ಶೇ. 9 ಮಂದಿಗೆ. ಡಿಬ್ರೀಫಿಂಗ್ ಗುಂಪಿನವರ ಗಾಯಗಳು ಮೊದಲೇ ಹೆಚ್ಚು ತೀವ್ರವಾಗಿದ್ದವು ಎಂಬ ತಕರಾರು ನ್ಯಾಯವಾದದ್ದೇ. ಆದರೆ ರಸ್ತೆ ಅಪಘಾತದ ಗಾಯಾಳುಗಳನ್ನು ಮೂರು ವರ್ಷ ಹಿಂಬಾಲಿಸಿದ ಮತ್ತೊಂದು ಪ್ರಯೋಗದಲ್ಲೂ ಆರಂಭದಲ್ಲಿ ಹೆಚ್ಚು ಕಂಗೆಟ್ಟಿದ್ದವರು ಡಿಬ್ರೀಫಿಂಗ್ ಆದ ಮೇಲೆ ಚೇತರಿಸಿಕೊಳ್ಳಲಿಲ್ಲ, ಆಗದವರೇ ಚೇತರಿಸಿಕೊಂಡರು. ಇಂಥ ಪ್ರಯೋಗಗಳನ್ನೆಲ್ಲ ಪರಿಶೀಲಿಸಿದ 2002ರ ಕೊಕ್ರೇನ್ ವಿಮರ್ಶೆ, ಒಂದು ಬಾರಿಯ ಡಿಬ್ರೀಫಿಂಗನ್ನು ಕಡ್ಡಾಯ ಮಾಡುವುದನ್ನು ನಿಲ್ಲಿಸಬೇಕೆಂದಿತು.

ಮಿಚೆಲ್ ಪಾಳಯದ ಉತ್ತರವನ್ನು ತಳ್ಳಿಹಾಕುವಂತಿಲ್ಲ. ತಾವು ಹೇಳಿದ್ದು ಒಟ್ಟಿಗೆ ದುಡಿಯುವ ಸಿಬ್ಬಂದಿಯ ಗುಂಪಿಗೆ, ಆಸ್ಪತ್ರೆಯ ಹಾಸಿಗೆಯಲ್ಲಿ ಒಂಟಿಯಾಗಿ ಮಲಗಿದ ರೋಗಿಗಲ್ಲ. ಬೇರೆ ಕಾಯಿಲೆಗೆ ಕೊಟ್ಟ ಮದ್ದು ಫಲಿಸಲಿಲ್ಲವೆಂದು ಮದ್ದನ್ನು ಬೈಯುವುದು ಸರಿಯಲ್ಲ ಎಂದು ಅವರು ವಾದಿಸಿದರು. ಹಾಗಾದರೆ ಗುಂಪುಗಳಲ್ಲೇ ನೋಡೋಣ. ಕೊಸೊವೊದಲ್ಲಿದ್ದ 952 ಅಮೆರಿಕನ್ ಶಾಂತಿಪಾಲಕರ ಮೇಲೆ ನಡೆದ ಪ್ರಯೋಗ 2008ರಲ್ಲಿ ಪ್ರಕಟವಾಯಿತು. ಹಾನಿಯೂ ಕಾಣಲಿಲ್ಲ, ಹೇಳಿಕೊಳ್ಳುವಂಥ ಲಾಭವೂ ಕಾಣಲಿಲ್ಲ. ಆಸ್ಟ್ರೇಲಿಯಾದ ಸ್ವಯಂಸೇವಕ ಅಗ್ನಿಶಾಮಕರ ಮೇಲೆ 2014ರಲ್ಲಿ ಪ್ರಕಟವಾದ ಸಣ್ಣ ಪ್ರಯೋಗದಲ್ಲಿ ಪಿಟಿಎಸ್‌ಡಿ ಲಕ್ಷಣಗಳು ಕಡಿಮೆಯಾಗಲಿಲ್ಲ, ಕುಡಿತ ಮಾತ್ರ ಕಡಿಮೆಯಾಯಿತು, ಬದುಕಿನ ನೆಮ್ಮದಿ ಸ್ವಲ್ಪ ಹೆಚ್ಚಿತು. ಜೊತೆಗಾರರು ಒಟ್ಟಿಗೆ ಕೂರುವುದರಿಂದ ಏನೋ ಪ್ರಯೋಜನವಿದೆ, ಅದು ನೆನಪನ್ನು ಕೆದಕಿ ಹೊರಹಾಕುವುದರಿಂದ ಬರುವಂಥದ್ದಲ್ಲ ಎಂಬ ಕಡೆಗೆ ಈ ಫಲಿತಾಂಶ ಬೆರಳು ತೋರಿಸುತ್ತದೆ. ಬ್ರಿಟನ್ನಿನ ರಾಯಲ್ ಮರೀನ್ಸ್ ಪಡೆಯಲ್ಲಿ ಬೆಳೆದ ‘ಟ್ರಿಮ್’ ಪದ್ಧತಿಯೂ ಇದೇ ದಿಕ್ಕಿನದು. ಪಡೆಯವರೇ ಆದ, ತರಬೇತಿ ಪಡೆದ ಸಹೋದ್ಯೋಗಿ ಘಟನೆಯ ಮೂರು ದಿನಗಳ ನಂತರ ಒಮ್ಮೆ, ತಿಂಗಳ ಬಳಿಕ ಮತ್ತೊಮ್ಮೆ ಮಾತಾಡಿಸಿ, ನಿದ್ದೆ, ಕುಡಿತ, ಸಿಟ್ಟು ಹೇಗಿವೆಯೆಂದು ವಿಚಾರಿಸಿ, ಸುಧಾರಿಸದವರನ್ನು ವೈದ್ಯರ ಬಳಿಗೆ ಕರೆದೊಯ್ಯುತ್ತಾನೆ. ಅದು ಚಿಕಿತ್ಸೆ ಎಂದು ಹೇಳಿಕೊಳ್ಳುವುದಿಲ್ಲ. ಯುದ್ಧನೌಕೆಗಳಲ್ಲಿ ಅದನ್ನು ಪರೀಕ್ಷಿಸಿದಾಗ ಆರೋಗ್ಯದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ ಎಂಬುದನ್ನೂ ಹೇಳಬೇಕು.

ಅತ್ಯಂತ ಕುತೂಹಲಕರವಾದ ಸಾಕ್ಷ್ಯ 2003ರದು. ಪೌಲಾ ಷ್ನರ್ ನೇತೃತ್ವದಲ್ಲಿ 360 ವಿಯೆಟ್ನಾಂ ಸೈನಿಕರನ್ನು ಎರಡು ಬಗೆಯ ಗುಂಪುಗಳಿಗೆ ಹಂಚಲಾಯಿತು. ಒಂದರಲ್ಲಿ ಯುದ್ಧದ ನೆನಪುಗಳನ್ನು ನೇರವಾಗಿ ಎದುರಿಸುವ ಚಿಕಿತ್ಸೆ. ಇನ್ನೊಂದರಲ್ಲಿ ಆ ವಿಷಯವನ್ನೇ ಬದಿಗಿಟ್ಟು ಈಗಿನ ಬದುಕಿನ ತೊಡಕುಗಳ ಮಾತು: ಮಗನ ಜೊತೆಗಿನ ಜಗಳ, ಕೆಲಸ, ಬಾಡಿಗೆ. ಎರಡನೆಯದನ್ನು ಹೋಲಿಕೆಗೆಂದು ಇಟ್ಟುಕೊಂಡಿದ್ದರು, ಅದು ಸೋಲುತ್ತದೆಂಬ ನಿರೀಕ್ಷೆಯಿತ್ತು. ಎರಡೂ ಗುಂಪುಗಳು ಸ್ವಲ್ಪಮಟ್ಟಿಗೆ, ಸರಿಸಮವಾಗಿ ಸುಧಾರಿಸಿದವು. ನಡುವೆ ಬಿಟ್ಟುಹೋದವರು ಎರಡನೆಯದರಲ್ಲೇ ಕಡಿಮೆ. ಯಾವ ಗುಂಪಿಗೂ ಸೇರದವರ ಮೂರನೇ ತಂಡ ಇರಲಿಲ್ಲವಾದ್ದರಿಂದ ಒಡನಾಟವೇ ವಾಸಿ ಮಾಡಿತು ಎಂದು ಸಾಧಿಸಲಾಗದು. ಆದರೆ ನೆನಪನ್ನು ಬಗೆಯದಿದ್ದರೆ ಗುಂಪಿನಿಂದ ಪ್ರಯೋಜನವಿಲ್ಲ ಎಂಬ ಹಳೆಯ ನಂಬಿಕೆ ಅಲ್ಲಿಗೆ ಸಡಿಲಗೊಂಡಿತು.

ತುರ್ತು ಸೇವೆಯವರ ವಿಷಯದಲ್ಲಿ ನ್ಯೂಯಾರ್ಕ್ ಅಗ್ನಿಶಾಮಕ ಇಲಾಖೆಯ ಉದಾಹರಣೆಯನ್ನು ಬಿಡುವಂತಿಲ್ಲ. 2001ರ ಸೆಪ್ಟೆಂಬರ್ 11ರ ಒಂದೇ ದಿನ ಆ ಇಲಾಖೆ 343 ಮಂದಿಯನ್ನು ಕಳೆದುಕೊಂಡಿತು. ಉಳಿದವರು ತಿಂಗಳುಗಟ್ಟಲೆ ಅವಶೇಷದಲ್ಲಿ ತಮ್ಮವರ ದೇಹದ ತುಣುಕುಗಳನ್ನು ಹುಡುಕಿದರು. ಅವರು ಸಲಹಾ ಕೇಂದ್ರಕ್ಕೆ ತಾವಾಗಿ ಬರುವವರಲ್ಲ. ಇಲಾಖೆಯ ಸಲಹಾ ವಿಭಾಗ ನಿವೃತ್ತ ಅಗ್ನಿಶಾಮಕರನ್ನೂ ಆಪ್ತಸಮಾಲೋಚಕರನ್ನೂ ಠಾಣೆಗಳಿಗೇ ಕಳಿಸಿತು. ಅಮೆರಿಕದ ಅಗ್ನಿಶಾಮಕ ಠಾಣೆಯಲ್ಲಿ ಊಟದ ಮೇಜೇ ಮನೆಯ ಜಗಲಿ ಇದ್ದಹಾಗೆ. ಬಂದವರು ಆ ಮೇಜಿಗೆ ಕೂತು ತರಕಾರಿ ಹೆಚ್ಚಿಕೊಟ್ಟರೂ ಸೈ, ಮತ್ತೆ ಮತ್ತೆ ಬರುತ್ತಿದ್ದುದರಿಂದ ನಿಧಾನವಾಗಿ ಒಳಗಿನವರಾದರು. ಇದಕ್ಕೂ ಮುಂಚಿನ 1995ರ ಒಕ್ಲಹೋಮಾ ನಗರದ ಬಾಂಬ್ ಸ್ಫೋಟದಲ್ಲಿ 168 ಮಂದಿ ಸತ್ತಿದ್ದರು. ಅಲ್ಲಿ ದುಡಿದ ಅಗ್ನಿಶಾಮಕರಲ್ಲಿ ಶೇ. 13 ಮಂದಿಗೆ ಪಿಟಿಎಸ್‌ಡಿ ಕಂಡುಬಂತು, ಸ್ಫೋಟಕ್ಕೆ ಸಿಕ್ಕಿ ಬದುಕಿದ ಗಂಡಸರಲ್ಲಿ ಶೇ. 23 ಮಂದಿಗೆ. ತರಬೇತಿ, ಕೆಲಸದ ಹೆಮ್ಮೆ, ದಳದ ಒಗ್ಗಟ್ಟು ಕಾಯುತ್ತವೆ ಎಂದು ಇದನ್ನು ಓದಬಹುದು. ಆದರೆ ಅದೇ ಅಗ್ನಿಶಾಮಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಬದುಕಿನ ಯಾವುದೋ ಹಂತದಲ್ಲಿ, ಬಹುಪಾಲು ಸ್ಫೋಟಕ್ಕೂ ಮೊದಲೇ, ಕುಡಿತದ ಕಾಯಿಲೆ ಇತ್ತು. ದಳದ ಒಗ್ಗಟ್ಟು ಬಾಟಲಿಯ ಸುತ್ತಲೂ ಕಟ್ಟಿಕೊಳ್ಳುತ್ತದೆ ಎಂಬುದನ್ನು ಸಮುದಾಯದ ಆಸರೆಯನ್ನು ಹೊಗಳುವವರು ಮರೆಯಬಾರದು. ಓರಗೆಯ ಸಲಹೆಗಾರನಿಗೆ ತರಬೇತಿ, ಮೇಲ್ವಿಚಾರಣೆ, ಗುಟ್ಟು ಕಾಯುವ ಕಟ್ಟುಪಾಡು ಬೇಕೆನ್ನುವುದು ಈ ಕಾರಣಕ್ಕೆ.

ಇದೆಲ್ಲ ಚಿಕಿತ್ಸೆಗೆ ಅಗ್ಗದ ಬದಲಿ, ಸರ್ಕಾರ ಮನೋವೈದ್ಯರನ್ನು ನೇಮಿಸುವ ಹೊಣೆ ಜಾರಿಸಿಕೊಳ್ಳಲು ಹುಡುಕಿದ ದಾರಿ ಎನ್ನುವವರಿದ್ದಾರೆ. ಅವರ ಭಯ ಸುಳ್ಳಲ್ಲ. ಎಡ್ನಾ ಫೋವಾ, ಪೆಟ್ರೀಷಿಯಾ ರೆಸಿಕ್ ಮುಂತಾದವರು ರೂಪಿಸಿದ, ಆಘಾತದ ನೆನಪನ್ನು ನುರಿತ ಚಿಕಿತ್ಸಕರ ನೆರವಿನಿಂದ ಹಂತಹಂತವಾಗಿ ಎದುರಿಸುವ ಚಿಕಿತ್ಸೆಗಳಿಗೆ ಗಟ್ಟಿ ಸಾಕ್ಷ್ಯವಿದೆ, ಹರಟೆಕಟ್ಟೆ ಅವುಗಳ ಜಾಗ ತುಂಬಲಾರದು. ಆದರೆ ಆ ಚಿಕಿತ್ಸೆಯ ಬಾಗಿಲವರೆಗೆ ಬರುವವರೆಷ್ಟು? ಇರಾಕ್ ಮತ್ತು ಅಫ್ಘಾನಿಸ್ತಾನದಿಂದ ಮರಳಿದವರ ಬಗ್ಗೆ ಚಾರ್ಲ್ಸ್ ಹೋಗ್ ಮತ್ತು ಸಂಗಡಿಗರು 2004ರಲ್ಲಿ ಬರೆದದ್ದರ ಪ್ರಕಾರ, ಕಾಯಿಲೆಯ ಲಕ್ಷಣಗಳಿದ್ದವರಲ್ಲಿ ನೆರವು ಅರಸಿದವರು ಶೇ. 23ರಿಂದ 40 ಮಾತ್ರ. ಮೇಲಧಿಕಾರಿ, ಜೊತೆಗಾರರು ತನ್ನನ್ನು ಕೈಲಾಗದವನೆಂದು ತಿಳಿದಾರು ಎಂಬ ಅಂಜಿಕೆ ಕಾಯಿಲೆಯಿದ್ದವರಲ್ಲೇ ಹೆಚ್ಚು. ಬಂದವರಲ್ಲೂ ಚಿಕಿತ್ಸೆ ಎಲ್ಲರಿಗೆ ನಾಟುವುದಿಲ್ಲ. ಸೈನಿಕರ ಮೇಲಿನ ಪ್ರಯೋಗಗಳನ್ನು 2015ರಲ್ಲಿ ಪರಿಶೀಲಿಸಿದಾಗ, ಈ ಉತ್ತಮ ಚಿಕಿತ್ಸೆಗಳ ನಂತರವೂ ಸುಮಾರು ಮೂರನೇ ಎರಡು ಪಾಲು ಮಂದಿಗೆ ಪಿಟಿಎಸ್‌ಡಿ ಉಳಿದಿತ್ತು. ಅವರಲ್ಲಿ ಹಲವರು ಮೊದಲಿಗಿಂತ ಹಗುರಾಗಿದ್ದರು, ಆದರೆ ಪೂರ್ತಿ ಗುಣವಾಗಿರಲಿಲ್ಲ. ಚಿಕಿತ್ಸೆಗೆ ಮೊದಲು ಬಾಗಿಲವರೆಗೆ ಕರೆತರುವವರು, ಚಿಕಿತ್ಸೆ ಮುಗಿದು ಉಳಿದದ್ದರ ಜೊತೆ ಬಾಳುವಾಗ ಪಕ್ಕದಲ್ಲಿರುವವರು, ಈ ಎರಡು ಜಾಗಗಳು ವೈದ್ಯನಿಂದ ತುಂಬುವಂಥವಲ್ಲ. ಒಂದೇ ಗಾಯದವರನ್ನು ಒಟ್ಟಿಗೆ ಕೂಡಿಹಾಕಿದರೆ ಗಾಯವೇ ಅವರ ಗುರುತಾಗಿಬಿಡುತ್ತದೆ ಎಂಬುದು ಇನ್ನೊಂದು ಆಕ್ಷೇಪ. 1990ರ ದಶಕದಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ತಿಂಗಳುಗಟ್ಟಲೆ ಒಳರೋಗಿಗಳಾಗಿ ಇರಿಸಿಕೊಳ್ಳುತ್ತಿದ್ದ ಘಟಕಗಳನ್ನು ಹೋಲಿಸಿದಾಗ, ಅಷ್ಟು ಖರ್ಚು ಮಾಡಿಯೂ ಅಲ್ಪಾವಧಿಯ ಘಟಕಗಳಿಗಿಂತ ಅವು ಮೇಲಾಗಿರಲಿಲ್ಲ. ಲೋಕದಿಂದ ಬೇರ್ಪಡಿಸಿದ ಒಡನಾಟಕ್ಕೆ ಆಕ್ಷೇಪ ಸಲ್ಲುತ್ತದೆ. ಅಮೆರಿಕದ ನವಾಹೋ ಜನ ಯುದ್ಧದಿಂದ ಬಂದವನಿಗಾಗಿ ನಡೆಸುವ ‘ಶತ್ರುಮಾರ್ಗ’ ಆಚರಣೆಯಲ್ಲಿ ಹಾಗಲ್ಲ. ಹಲವು ದಿನದ ಆ ವಿಧಿಗೆ ನೆಂಟರು, ದೂರದ ಊರಿನವರು, ಯುದ್ಧ ಕಾಣದವರು ಎಲ್ಲರೂ ಸೇರಬೇಕು, ಖರ್ಚು ಹಂಚಿಕೊಳ್ಳಬೇಕು. ಸತ್ತ ವೀರನಿಗೆ ಊರೂರಲ್ಲಿ ವೀರಗಲ್ಲು ನಿಲ್ಲಿಸಿದ ಕನ್ನಡ ನಾಡು ಬದುಕಿ ಬಂದವನಿಗಾಗಿ ಅಂಥದೊಂದು ವಿಧಿಯನ್ನು ಕಲ್ಲಿನಲ್ಲಿ ಕಡೆದಿಡಲಿಲ್ಲ.

ಭಾರತದಲ್ಲಿ ಸೇನೆಯಿಂದ ವರ್ಷಕ್ಕೆ ಸುಮಾರು 60,000 ಮಂದಿ ನಿವೃತ್ತರಾಗುತ್ತಾರೆ, ಹೆಚ್ಚಿನವರು ನಲವತ್ತರ ಆಸುಪಾಸಿನವರು. ಅವರಿಗಾಗಿ ಕೇಂದ್ರ, ರಾಜ್ಯ, ಜಿಲ್ಲಾ ಮಟ್ಟದ ಸೈನಿಕ ಮಂಡಳಿಗಳಿವೆ. ಕರ್ನಾಟಕದಲ್ಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯಿದೆ. 2003ರಿಂದ ಇಸಿಎಚ್‌ಎಸ್ ವೈದ್ಯಕೀಯ ಯೋಜನೆಯಿದೆ. ಪಿಂಚಣಿ, ಮಕ್ಕಳ ವಿದ್ಯಾರ್ಥಿವೇತನ, ನೌಕರಿ, ಯುದ್ಧವಿಧವೆಯರ ಪರಿಹಾರ, ಇವೇ ಈ ಮಂಡಳಿ, ಇಲಾಖೆಗಳ ಮುಖ್ಯ ಕೆಲಸ. ಮನಸ್ಸಿನ ಮಾತಿಗೆ ಮೀಸಲಾದ ದಾರಿ ತಡವಾಗಿ ತೆರೆಯಿತು. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಕೇಂದ್ರಸ್ಥಾನವಾಗಿರುವ ಟೆಲಿ ಮಾನಸ್ ಸಹಾಯವಾಣಿ (14416) 2022ರ ಅಕ್ಟೋಬರಿನಲ್ಲಿ ಆರಂಭವಾಯಿತು, 2023ರ ಕೊನೆಗೆ ಪುಣೆಯ ಸಶಸ್ತ್ರಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಸೈನಿಕರಿಗೆಂದೇ ಅದರ ಪ್ರತ್ಯೇಕ ಘಟಕ ಬಂತು. ಇದೇ ನಿಮ್ಹಾನ್ಸ್ 1999ರ ಒಡಿಶಾ ಚಂಡಮಾರುತ, 2001ರ ಗುಜರಾತ್ ಭೂಕಂಪ, 2004ರ ಸುನಾಮಿಗಳ ನಂತರ ಊರಿನ ಸಾಮಾನ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಮನೆಮನೆಗೆ ಕಳಿಸುವ ಕ್ರಮವನ್ನು ಬೆಳೆಸಿದ ಸಂಸ್ಥೆ. ಬೇಗ ಬಂದು ಬೇಗ ಹೋಗುವ ತಜ್ಞನಿಗಿಂತ ಊರಲ್ಲೇ ಉಳಿಯುವ ಕಾರ್ಯಕರ್ತೆ ಮೇಲು ಎಂಬ ಎಣಿಕೆ ಅದರಲ್ಲಿದೆ. ಆ ಕ್ರಮ ಸಂತ್ರಸ್ತರಿಗಾಗಿ ಹುಟ್ಟಿತು, ರಕ್ಷಿಸಲು ಹೋದವರಿಗೆ ಅಷ್ಟಾಗಿ ಒದಗಲಿಲ್ಲ. 2023ರ ಜೂನ್ 2ರಂದು ಒಡಿಶಾದ ಬಾಲಸೋರ್ ಜಿಲ್ಲೆಯಲ್ಲಿ ನಡೆದ ರೈಲು ದುರಂತದಲ್ಲಿ 290ಕ್ಕೂ ಹೆಚ್ಚು ಮಂದಿ ಸತ್ತರು. ಕೆಲವೇ ದಿನಗಳಲ್ಲಿ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯ ಮಹಾನಿರ್ದೇಶಕ ಅತುಲ್ ಕರ್ವಾಲ್, ತಮ್ಮ ಸಿಬ್ಬಂದಿಯೊಬ್ಬರಿಗೆ ನೀರು ಕಂಡಾಗಲೆಲ್ಲ ರಕ್ತದಂತೆ ಕಾಣುತ್ತಿದೆ, ಇನ್ನೊಬ್ಬರಿಗೆ ಹಸಿವೇ ಹೋಗಿದೆ ಎಂದು ಬಹಿರಂಗವಾಗಿ ಹೇಳಿ, ಆಪ್ತಸಮಾಲೋಚನೆಯ ಏರ್ಪಾಡು ಮಾಡಿರುವುದಾಗಿ ತಿಳಿಸಿದರು. ಸಮವಸ್ತ್ರದ ಪಡೆಯ ಮುಖ್ಯಸ್ಥರ ಬಾಯಲ್ಲಿ ಇಂಥ ಮಾತು ಅಪರೂಪ. ಆದರೆ ಆ ಪಡೆಯ ಸಿಬ್ಬಂದಿ ಗಡಿ ಭದ್ರತಾ ಪಡೆ, ಸಿಆರ್‌ಪಿಎಫ್ ಮೊದಲಾದ ದಳಗಳಿಂದ ಕೆಲವು ವರ್ಷಗಳ ನಿಯೋಜನೆಯ ಮೇಲೆ ಬಂದವರು. ಅವಧಿ ಮುಗಿದೊಡನೆ ಒಟ್ಟಿಗೆ ಶವ ಹೊತ್ತವರು ಒಬ್ಬ ರಾಜಸ್ಥಾನದ ಗಡಿಗೆ, ಒಬ್ಬ ಬಸ್ತರಿನ ಕ್ಯಾಂಪಿಗೆ, ಒಬ್ಬ ಅಸ್ಸಾಮಿಗೆ ಎಂಬಂತೆ ಚದುರಿ, ವಿಯೆಟ್ನಾಮಿನಿಂದ ಒಂಟಿಯಾಗಿ ವಿಮಾನ ಹತ್ತಿದವರ ಹಾಗೆ, ಬಾಲಸೋರನ್ನು ಕಾಣದವರ ನಡುವೆ ಕೆಲಸಕ್ಕೆ ಹಾಜರಾಗುತ್ತಾರೆ.